ಸರಾಸರಿ ವೇಗದ ಲೆಕ್ಕದಲ್ಲಿ ಕಾಲದ ತೂಕ: ಪ್ರವೇಶ ಪರೀಕ್ಷೆಗಳ ಒಂದು ಪ್ರಶ್ನೆಯ ವಿಶ್ಲೇಷಣೆ

ಒಬ್ಬ ಪ್ರಯಾಣಿಕ ಒಂದು ಊರಿಗೆ ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋಗಿ, ಅದೇ ದಾರಿಯಲ್ಲಿ 60 ಕಿ.ಮೀ. ವೇಗದಲ್ಲಿ ಮರಳುತ್ತಾನೆ. ಇಡೀ ಪ್ರಯಾಣದ ಸರಾಸರಿ ವೇಗವೆಷ್ಟು? ಜಿಆರ್‌ಇ, ಜಿಮ್ಯಾಟ್‌ಗಳಿಂದ ಹಿಡಿದು ನಮ್ಮ ಕ್ಯಾಟ್ ಮತ್ತು ಬ್ಯಾಂಕ್ ಪರೀಕ್ಷೆಗಳವರೆಗೆ ಈ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಕಾಣಿಸಿಕೊಳ್ಳುತ್ತದೆ. ಉತ್ತರ 48. ಆಯ್ಕೆಗಳ ಸಾಲಿನಲ್ಲಿ 50 ಕೂಡ ಇರುತ್ತದೆ, ಅವಸರದಲ್ಲಿರುವವರ ಕಣ್ಣು ಮೊದಲು ಬೀಳುವುದು ಅದರ ಮೇಲೆಯೇ. ಜಿಮ್ಯಾಟ್‌ನ ಈಗಿನ ಸ್ವರೂಪದಲ್ಲಿ ಗಣಿತ ವಿಭಾಗದ 21 ಪ್ರಶ್ನೆಗಳಿಗೆ 45 ನಿಮಿಷ, ಕ್ಯಾಲ್ಕುಲೇಟರ್ ಇಲ್ಲ. ಒಂದು ಪ್ರಶ್ನೆಗೆ ಎರಡು ನಿಮಿಷ ಸಿಗುವ ಇಂಥ ಕಡೆ, ಎರಡು ವೇಗಗಳ ಗುಣಲಬ್ಧದ ಇಮ್ಮಡಿಯನ್ನು ಅವುಗಳ ಮೊತ್ತದಿಂದ ಭಾಗಿಸುವ ಸೂತ್ರವನ್ನು ಬಾಯಿಪಾಠ ಮಾಡಿಸುವುದು ತರಬೇತಿಯ ರೂಢಿ. ಈ ರೂಢಿ ವಿದ್ಯಾರ್ಥಿಯನ್ನು ಒಂದು ಪ್ರಶ್ನೆಯಿಂದ ಪಾರುಮಾಡಿ ಮುಂದಿನದರಲ್ಲಿ ಮುಳುಗಿಸುತ್ತದೆ ಎಂಬುದು ನನ್ನ ವಾದ. ವೇಗಗಳನ್ನು ತೂಗಬೇಕಾದ್ದು ಕಾಲದಿಂದ. ಆ ತಿಳಿವಳಿಕೆಯನ್ನು ಸೂತ್ರ ಮರೆಮಾಡುತ್ತದೆ.

ಒಂದು ಉದಾಹರಣೆ ನೋಡೋಣ. ಬಸ್ಸೊಂದು ದಾರಿಯ ಮೂರನೇ ಒಂದು ಭಾಗವನ್ನು 30ರ ವೇಗದಲ್ಲಿ, ಉಳಿದ ಎರಡು ಭಾಗವನ್ನು 60ರ ವೇಗದಲ್ಲಿ ಕ್ರಮಿಸಿತು. ಇಲ್ಲಿ ಸೂತ್ರ ಹಾಕಿದವನಿಗೆ 40 ಬರುತ್ತದೆ. ದೂರವನ್ನೇ ತೂಕವಾಗಿಟ್ಟು ತೂಗಿದವನಿಗೆ 50. ಇಡೀ ದಾರಿ 180 ಕಿ.ಮೀ. ಎಂದಿಟ್ಟುಕೊಂಡರೆ 60 ಕಿ.ಮೀ.ಗೆ ಎರಡು ಗಂಟೆ, 120 ಕಿ.ಮೀ.ಗೆ ಎರಡು ಗಂಟೆ. ಒಟ್ಟು ನಾಲ್ಕು ಗಂಟೆಯಲ್ಲಿ 180 ಕಿ.ಮೀ., ಅಂದರೆ ಸರಾಸರಿ 45. ಎರಡು ವೇಗಗಳನ್ನು ಕೂಡಿಸಿ ಅರ್ಧ ಮಾಡಿದರೂ 45 ಬರುತ್ತದೆ! ಮೊದಲ ಪ್ರಶ್ನೆಯಲ್ಲಿ ತಪ್ಪಾಗಿದ್ದ ಸಮಾಂತರ ಮಾಧ್ಯ ಇಲ್ಲಿ ಸರಿಯಾಯಿತು, ಏಕೆಂದರೆ ಎರಡೂ ವೇಗಗಳಿಗೆ ಸಂದ ಕಾಲ ಸಮ. ಸಮದೂರಕ್ಕೆ ಆ ಸೂತ್ರ ಕೊಡುವ ಹರಾತ್ಮಕ ಮಾಧ್ಯ, ಸಮಕಾಲಕ್ಕೆ ಸಮಾಂತರ ಮಾಧ್ಯ ಎಂಬ ಎರಡು ನಿಯಮಗಳೂ ಒಟ್ಟು ದೂರವನ್ನು ಒಟ್ಟು ಕಾಲದಿಂದ ಭಾಗಿಸು ಎಂಬ ಒಂದೇ ಮಾತಿನ ವಿಶೇಷ ಸಂದರ್ಭಗಳು.

ಇದಕ್ಕೆ ನಮ್ಮ ನೆಲದಲ್ಲೇ ಹಳೆಯ ಬೇರುಂಟು. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಮಹಾವೀರಾಚಾರ್ಯ ರಚಿಸಿದ ‘ಗಣಿತಸಾರಸಂಗ್ರಹ’ದ ಮಿಶ್ರಕ ವ್ಯವಹಾರದಲ್ಲಿ ಬಂಗಾರದ ಲೆಕ್ಕಗಳಿವೆ. ಬೇರೆ ಬೇರೆ ವರ್ಣದ, ಎಂದರೆ ಬೇರೆ ಬೇರೆ ಶುದ್ಧತೆಯ ಚಿನ್ನದ ತುಂಡುಗಳನ್ನು ಕರಗಿಸಿ ಕೂಡಿಸಿದರೆ ಮಿಶ್ರಣದ ವರ್ಣವೆಷ್ಟು? ಪ್ರತಿ ತುಂಡಿನ ವರ್ಣವನ್ನು ಅದರ ತೂಕದಿಂದ ಗುಣಿಸಿ, ಲಬ್ಧಗಳನ್ನು ಕೂಡಿಸಿ, ಒಟ್ಟು ತೂಕದಿಂದ ಭಾಗಿಸಬೇಕು. ವರ್ಣದ ಜಾಗದಲ್ಲಿ ವೇಗವನ್ನೂ ತೂಕದ ಜಾಗದಲ್ಲಿ ಕಾಲವನ್ನೂ ಇಟ್ಟರೆ ಗುಣಲಬ್ಧವೇ ದೂರ. ನಮ್ಮ ಪ್ರಶ್ನೆಗೆ ಬೇಕಾದ ನಿಯಮ ಅಕ್ಷರಶಃ ಇದೇ. ಅದೇ ಗ್ರಂಥದ ಗತಿನಿವೃತ್ತಿ ಲೆಕ್ಕಗಳಲ್ಲೂ, ಅಂದರೆ ಮುಂದಕ್ಕೆ ಸಾಗಿ ಹಿಂದಕ್ಕೆ ಸರಿಯುವ ಚಲನೆಯ ಲೆಕ್ಕಗಳಲ್ಲೂ, ಎರಡು ಗತಿಗಳನ್ನು ಒಂದೇ ಕಾಲಮಾನಕ್ಕೆ ತಂದ ಮೇಲಷ್ಟೇ ಒಂದರಿಂದ ಇನ್ನೊಂದನ್ನು ಕಳೆಯುತ್ತಾರೆ. ಸಮಯದ ಅಳತೆ ಒಂದಾಗದೆ ಗತಿಗಳನ್ನು ಕೂಡಬಾರದು, ಕಳೆಯಬಾರದು ಎಂಬ ಎಚ್ಚರ ಅಲ್ಲಿದೆ.

ಚಿನ್ನದ ನಿಯಮವನ್ನು ತಿರುಗಿಸಿದರೆ ಪರೀಕ್ಷಾರ್ಥಿಗಳಿಗೆ ಪರಿಚಿತವಾದ ಮಿಶ್ರಣದ ವಿಧಾನ ದೊರೆಯುತ್ತದೆ. 40 ಮತ್ತು 60ರಿಂದ 48 ಬಂದಿದ್ದರೆ ವ್ಯತ್ಯಾಸಗಳು 8 ಮತ್ತು 12. ಅವನ್ನು ಅದಲುಬದಲು ಮಾಡಿದಾಗ ಸಿಗುವ 3:2 ಎಂಬುದು 40ರ ವೇಗಕ್ಕೂ 60ರ ವೇಗಕ್ಕೂ ಸಂದ ಕಾಲದ ಅನುಪಾತ. ಅನೇಕರು ಇದನ್ನು ದೂರದ ಅನುಪಾತವೆಂದು ಓದಿ ಎಡವುತ್ತಾರೆ. ದೂರ ಬೇಕಿದ್ದರೆ ಇನ್ನೊಮ್ಮೆ ವೇಗದಿಂದ ಗುಣಿಸಬೇಕು: 120ಕ್ಕೆ 120, ಸಮಸಮ.

ದೂರ ಕೊಟ್ಟೇ ಇಲ್ಲವಲ್ಲ ಎಂಬ ಗಾಬರಿಗೂ ಹಳೆಯ ಮದ್ದಿದೆ. ಭಾಸ್ಕರಾಚಾರ್ಯರ ‘ಲೀಲಾವತಿ’ಯ (1150) ಇಷ್ಟಕರ್ಮದಲ್ಲಿ ಬೇಕಾದ ಸಂಖ್ಯೆಯೊಂದನ್ನು ಊಹಿಸಿ ಲೆಕ್ಕ ನಡೆಸಿ, ಕೊನೆಗೆ ಪ್ರಮಾಣ ಹಿಡಿದು ಸರಿಪಡಿಸುತ್ತಾರೆ. ನಮ್ಮ ಲೆಕ್ಕದಲ್ಲಿ ಆ ತಿದ್ದುಪಡಿಯೂ ಬೇಡ, ಊಹಿಸಿದ ದೂರ ತಾನಾಗಿಯೇ ಹೊಡೆದುಹೋಗುತ್ತದೆ. ವೇಗಗಳ ಲ.ಸಾ.ಅ.ವನ್ನು ದೂರವಾಗಿ ಆರಿಸಿಕೊಂಡರೆ ಭಿನ್ನರಾಶಿಗಳ ಕಾಟವೂ ತಪ್ಪುತ್ತದೆ. ಮಧ್ಯೆ ಅರ್ಧ ಗಂಟೆ ನಿಲುಗಡೆ ಇದೆ ಎಂದು ಪ್ರಶ್ನೆ ಹೇಳಿದರೆ ಮಾತ್ರ ಇಷ್ಟಬಂದ ದೂರ ಹಿಡಿಯುವಂತಿಲ್ಲ: ನಿಂತ ಕಾಲವೂ ಛೇದಕ್ಕೆ ಸೇರುತ್ತದೆ, ಅದು ದೂರದೊಂದಿಗೆ ಹಿಗ್ಗುವುದಿಲ್ಲ. ಜಿಮ್ಯಾಟ್‌ನ ಡೇಟಾ ಸಫಿಶಿಯೆನ್ಸಿ ಪ್ರಶ್ನೆಗಳು ಪರೀಕ್ಷಿಸುವುದು ಇಂಥ ವಿವೇಕವನ್ನೇ. ‘ಮೊದಲ ಅರ್ಧ ದೂರ 40ರಲ್ಲಿ, ಉಳಿದದ್ದು 60ರಲ್ಲಿ’ ಎಂದರೆ ಮಾಹಿತಿ ಸಾಕು. ‘ಸ್ವಲ್ಪ ದೂರ 40ರಲ್ಲಿ, ಉಳಿದದ್ದು 60ರಲ್ಲಿ’ ಎಂದರೆ ಸಾಲದು.

ಕಾಲದ ಜಾಗದಲ್ಲಿ ದೂರವನ್ನಿಡುವ ಗೊಂದಲ ದಡ್ಡತನದ ಗುರುತಲ್ಲ. 1604ರಲ್ಲಿ ಪಾವ್ಲೊ ಸಾರ್ಪಿಗೆ ಬರೆದ ಪತ್ರದಲ್ಲಿ ಗೆಲಿಲಿಯೊ, ಬೀಳುವ ವಸ್ತುವಿನ ವೇಗ ಅದು ಬಿದ್ದ ದೂರಕ್ಕೆ ಅನುಪಾತದಲ್ಲಿ ಏರುತ್ತದೆ ಎಂದು ಭಾವಿಸಿದ್ದರು. 1638ರ ಗ್ರಂಥದಲ್ಲಿ ಆ ಅನುಪಾತ ಕಾಲದೊಂದಿಗೆ ಎಂದು ನಿಂತಿತು. ಮನಶ್ಶಾಸ್ತ್ರಜ್ಞ ಮ್ಯಾಕ್ಸ್ ವೆರ್ಟ್‌ಹೈಮರ್ 1930ರ ದಶಕದಲ್ಲಿ ಐನ್‌ಸ್ಟೈನರಿಗೆ ಒಂದು ಲೆಕ್ಕ ಕಳುಹಿಸಿದ್ದರು: ಹಳೆಯ ಕಾರು ಒಂದು ಮೈಲಿ ಗುಡ್ಡವನ್ನು ಗಂಟೆಗೆ 15 ಮೈಲಿಯಂತೆ ಏರಿತು. ಒಟ್ಟು ಎರಡು ಮೈಲಿಗೆ ಸರಾಸರಿ 30 ಬರಬೇಕಾದರೆ ಇಳಿಜಾರಿನ ಒಂದು ಮೈಲಿಯಲ್ಲಿ ವೇಗ ಎಷ್ಟಿರಬೇಕು? 45 ಎಂದು ಮನಸ್ಸು ಹೇಳುತ್ತದೆ. ಲೆಕ್ಕ ಹಾಕಿದಾಗಲೇ ಇಳಿಯಲು ಕಾಲವೇ ಉಳಿದಿಲ್ಲವೆಂದು ತಮಗೆ ಹೊಳೆಯಿತೆಂದು ಐನ್‌ಸ್ಟೈನ್ ಉತ್ತರಿಸಿದರು. ಎರಡು ಮೈಲಿಗೆ ಇದ್ದ ನಾಲ್ಕು ನಿಮಿಷವೂ ಏರುವುದರಲ್ಲೇ ಮುಗಿದಿತ್ತು.

ಇದರಲ್ಲಿ ಪರೀಕ್ಷೆಗೆ ನೇರವಾಗಿ ಒದಗುವ ಒಂದು ಮೇಲ್ಮಿತಿ ಅಡಗಿದೆ, ತರಬೇತಿ ಪುಸ್ತಕಗಳು ಇದಕ್ಕೆ ಹೆಚ್ಚಿನ ಜಾಗ ಕೊಡಬೇಕೆಂಬುದು ನನ್ನ ಬಯಕೆ. ದಾರಿಯ ಯಾವುದೇ ಭಾಗವನ್ನು ಕ್ರಮಿಸಿದ ವೇಗವನ್ನು ಆ ಭಾಗದ ಭಿನ್ನರಾಶಿಯಿಂದ ಭಾಗಿಸಿ. ಇಡೀ ಪ್ರಯಾಣದ ಸರಾಸರಿ ಆ ಸಂಖ್ಯೆಯನ್ನು ಮುಟ್ಟಲಾರದು, ಉಳಿದ ಭಾಗದಲ್ಲಿ ವಾಹನ ಎಷ್ಟೇ ವೇಗವಾಗಿ ಓಡಲಿ. ಹೋಗಿಬರುವ ಪ್ರಯಾಣದಲ್ಲಿ ಇದು ನಿಧಾನ ವೇಗದ ಇಮ್ಮಡಿ. ಆಯ್ಕೆಗಳಲ್ಲಿ ಅದಕ್ಕಿಂತ ದೊಡ್ಡವು ಕಂಡರೆ ಲೆಕ್ಕಕ್ಕೆ ಮೊದಲೇ ಹೊಡೆದುಹಾಕಬಹುದು. 540 ಕಿ.ಮೀ. ದಾರಿಯ ಮುಕ್ಕಾಲು ಭಾಗವನ್ನು ರೈಲೊಂದು 45ರಲ್ಲಿ ಓಡಿದೆ ಎನ್ನಿ. 405 ಕಿ.ಮೀ.ಗೆ ಒಂಬತ್ತು ಗಂಟೆ ಸಂದಿದೆ. ಸರಾಸರಿ 54 ಬೇಕೆಂದರೆ ಒಟ್ಟು ಹತ್ತು ಗಂಟೆ, ಉಳಿದ 135 ಕಿ.ಮೀ.ಗೆ ಒಂದೇ ಗಂಟೆ, ವೇಗ 135. ಸರಾಸರಿ 60 ಬೇಕೆಂದರೆ ಒಟ್ಟು ಒಂಬತ್ತೇ ಗಂಟೆ, ಅಷ್ಟೂ ಆಗಲೇ ಮುಗಿದಿದೆ.