ಕೇರಿಗೆ ಏನು ಬೇಕು ಅಂತ ಅಳೆದವರು ಯಾರು?

ನಮ್ಮೂರ ಅಂಗಡಿ ಮುಂದೆ ನಮ್ಮಜ್ಜಿ ಜಗಲಿ ಕೆಳಗೆ ನಿಂತು ದುಡ್ಡನ್ನು ಕಟ್ಟೆ ಮೇಲಿಡುತ್ತಿದ್ದಳಂತೆ. ಅಂಗಡಿಯವನು ಅದಕ್ಕೆ ನೀರು ಚಿಮುಕಿಸಿ ತಗೊಂಡು, ಉಪ್ಪು ಮೆಣಸಿನಕಾಯಿಯನ್ನು ಮೇಲಿಂದ ಅವಳ ಸೆರಗಿಗೆ ಸುರಿಯುತ್ತಿದ್ದನಂತೆ. ನನ್ನ ಕಾಲಕ್ಕೆ ಅದು ನಿಂತಿತ್ತು. ಅದೇ ಅಂಗಡಿಯೊಳಕ್ಕೆ ಹೋಗಿ ನಾನು ಬಿಸ್ಕತ್ತು ಕೊಂಡಿದ್ದೇನೆ. ಆದರೆ ಗಲ್ಲಾದ ಹಿಂದೆ ನಮ್ಮವರೊಬ್ಬರು ಕೂತದ್ದನ್ನು ಆ ಊರಲ್ಲಿ ಒಂದೇ ಸಲ ಕಂಡೆ. ನಮ್ಮ ಚಿಕ್ಕಪ್ಪ ಸಾಲ ತಂದು ಬಸ್ಸು ನಿಲ್ಲೋ ಕಡೆ ಟೀ ಅಂಗಡಿ ಇಟ್ಟ. ಹತ್ತಿರದಲ್ಲಿ ಇನ್ನೊಂದು ಟೀ ಅಂಗಡಿ ಇರಲಿಲ್ಲ. ಬಸ್ಸಿಗೆ ಕಾಯುವ ಜನ ಇದ್ದರು, ಅವರ ಹತ್ತಿರ ದುಡ್ಡೂ ಇತ್ತು. ಆದರೂ ಆರು ತಿಂಗಳಿಗೆ ಅಂಗಡಿ ಮುಚ್ಚಿತು. ಆ ಕೈಯಿಂದ ಟೀ ಕುಡಿಯಲು ಊರು ಒಪ್ಪಲಿಲ್ಲ.

ಈ ಮಾತು ಯಾಕೆ ಬಂತು ಅಂದರೆ, ಪಟ್ಟಣದ ಹಳೇ ಬಡಾವಣೆಗಳಿಗೆ ಹೊಸ ಜೀವ ತುಂಬ್ತೀವಿ ಅಂತ ಹೊರಡುವವರು ಮೊದಲು ಒಂದು ಅಳತೆ ಮಾಡ್ತಾರೆ. ಇಲ್ಲಿ ಎಷ್ಟು ಮನೆ, ಎಷ್ಟು ಜನ, ಅವರ ಜೇಬಿನಲ್ಲಿ ಎಷ್ಟು ದುಡ್ಡು, ಅದರಲ್ಲಿ ಎಷ್ಟು ಬೇರೆ ಕಡೆ ಹೋಗಿ ಖರ್ಚಾಗುತ್ತೆ, ಯಾವ ಅಂಗಡಿ ಇಲ್ಲಿ ಕಡಿಮೆ ಇದೆ. ಇದಕ್ಕೆ ವ್ಯಾಪಾರದ ಅಗತ್ಯದ ಸಮೀಕ್ಷೆ ಅಂತ ಹೆಸರು. ಆ ಕಾಗದದ ಲೆಕ್ಕದಲ್ಲಿ ನಮ್ಮ ಚಿಕ್ಕಪ್ಪನ ಅಂಗಡಿ ಮುಚ್ಚೋ ಹಾಗೇ ಇಲ್ಲ. ಕಾಗದದಲ್ಲಿ ಜಾತಿಗೆ ಕಾಲಂ ಇರಲ್ಲ. ಕಾಲಂ ಇಲ್ಲದ್ದನ್ನು ಅಳೆಯುವವರು ಯಾರು? ಈ ಪ್ರಶ್ನೆ ಹಿಡಿದುಕೊಂಡು ನಾನು ಒಂದು ಬೀದಿಯ ನೂರು ವರ್ಷದ ಚರಿತ್ರೆ ಓದಿದೆ. ಆ ಬೀದಿ ನಮ್ಮ ನಾಡಿನದಲ್ಲ. ನ್ಯೂಯಾರ್ಕ್ ನಗರದಲ್ಲಿ ಕಪ್ಪು ಜನರ ಕೇರಿಯಾದ ಹಾರ್ಲೆಮ್‌ನ 125ನೇ ಬೀದಿ.

ಅಷ್ಟು ದೂರ ಯಾಕೆ ಅಂತ ಗೆಳೆಯರು ಕೇಳಬಹುದು. 1913ರಿಂದ 1916ರವರೆಗೆ ಬಾಬಾಸಾಹೇಬರು ಓದಿದ ಕೊಲಂಬಿಯಾ ವಿಶ್ವವಿದ್ಯಾನಿಲಯ ಇರುವುದು ಹಾರ್ಲೆಮ್ ಪಕ್ಕದ ಗುಡ್ಡದ ಮೇಲೆ. ಗುಡ್ಡ ಇಳಿದರೆ ಹಾರ್ಲೆಮ್. 1946ರಲ್ಲಿ ಬಾಬಾಸಾಹೇಬರು ಕಪ್ಪು ಜನರ ಹಿರಿಯ ವಿದ್ವಾಂಸ ಡಬ್ಲ್ಯೂ.ಇ.ಬಿ. ಡುಬಾಯ್ಸ್ ಅವರಿಗೆ ಕಾಗದ ಬರೆದು, ಅಸ್ಪೃಶ್ಯರ ಪಾಡಿಗೂ ಅಮೆರಿಕದ ಕಪ್ಪು ಜನರ ಪಾಡಿಗೂ ಇರುವ ಹೋಲಿಕೆಯನ್ನು ಹೇಳಿದರು. 1972ರಲ್ಲಿ ಬೊಂಬಾಯಿಯಲ್ಲಿ ಹುಟ್ಟಿದ ದಲಿತ ಪ್ಯಾಂಥರ್ಸ್ ತನ್ನ ಹೆಸರನ್ನೇ ಅಮೆರಿಕದ ಬ್ಲ್ಯಾಕ್ ಪ್ಯಾಂಥರ್ಸ್‌ನಿಂದ ತಗೊಂಡಿತು. ಹಾಗಾಗಿ ಹಾರ್ಲೆಮ್ ನಮಗೆ ನಂಟರ ಕೇರಿ.

ಆ ಕೇರಿ ಮೊದಲು ಕೇರಿಯಾಗಿರಲಿಲ್ಲ. 1904ರಲ್ಲಿ ನೆಲದಡಿಯ ರೈಲು ಬರುತ್ತೆ ಅಂತ ಬಂಡವಾಳಗಾರರು ಬಿಳಿಯರಿಗಾಗಿ ಸಾಲುಸಾಲು ಮನೆ ಕಟ್ಟಿದರು. ಬೇಕಾದ್ದಕ್ಕಿಂತ ಹೆಚ್ಚು ಕಟ್ಟಿ, ಮನೆಗಳು ಖಾಲಿ ಬಿದ್ದವು. ಆಗ ಫಿಲಿಪ್ ಪೇಟನ್ ಎಂಬ ಕಪ್ಪು ವ್ಯಾಪಾರಿ ಆ ಮನೆಗಳಿಗೆ ತನ್ನ ಜನರನ್ನು ಬಾಡಿಗೆಗೆ ತಂದು ತುಂಬಿದ. ದಕ್ಷಿಣದ ಹತ್ತಿ ಹೊಲಗಳಿಂದ, ಜನರನ್ನು ಮರಕ್ಕೆ ನೇತುಹಾಕುವ ಊರುಗಳಿಂದ ತಪ್ಪಿಸಿಕೊಂಡು ಬಂದವರು ಹೆಚ್ಚು ಬಾಡಿಗೆ ತೆತ್ತು ಅಲ್ಲಿ ನೆಲೆ ಕಂಡರು. ಬಿಳಿಯರು ಮನೆ ಬಿಟ್ಟು ಹೋದರು. ಅಂಗಡಿ ಮಾತ್ರ ಬಿಡಲಿಲ್ಲ. 1920ರ ದಶಕದಲ್ಲಿ ಹಾರ್ಲೆಮ್‌ನ ಕವಿಗಳು, ಹಾಡುಗಾರರು ಜಗತ್ತಿಗೇ ಹೆಸರಾದಾಗಲೂ 125ನೇ ಬೀದಿಯ ಗಲ್ಲಾಗಳ ಹಿಂದೆ ಇದ್ದದ್ದು ಬಿಳಿಯರೇ.

1929ರಲ್ಲಿ ಅಮೆರಿಕದ ವ್ಯಾಪಾರ ಕುಸಿಯಿತು. ಮೊದಲು ಕೆಲಸ ಕಳಕೊಂಡವರು ಕಪ್ಪು ಜನ. ಆಗ ಆ ಜನ ತಮ್ಮದೇ ಒಂದು ಸಮೀಕ್ಷೆ ಮಾಡಿದರು. ಅದರಲ್ಲಿ ಇದ್ದದ್ದು ಒಂದೇ ಪ್ರಶ್ನೆ: ಅಂಗಡಿಯಲ್ಲಿ ಗಲ್ಲಾದ ಈಚೆ ನಮ್ಮವರು ಎಷ್ಟು ಜನ, ಆಚೆ ಎಷ್ಟು ಜನ? ಬ್ಲಮ್‌ಸ್ಟೈನ್ಸ್ ಎಂಬುದು ಆ ಬೀದಿಯ ದೊಡ್ಡ ಬಟ್ಟೆಬರೆ ಮಳಿಗೆ. ಗಿರಾಕಿಗಳಲ್ಲಿ ದೊಡ್ಡ ಪಾಲು ಕಪ್ಪು ಜನ. ಕೆಲಸದಲ್ಲಿ ಮಾತ್ರ ಅವರು ಕಸ ಗುಡಿಸುವ ಕಡೆ, ಮೂಟೆ ಹೊರುವ ಕಡೆ, ಲಿಫ್ಟಿನ ಬಾಗಿಲಲ್ಲಿ. ಮಾರುವ ಕೆಲಸಕ್ಕೆ ಒಬ್ಬರೂ ಇಲ್ಲ. 1934ರಲ್ಲಿ ಜಾನ್ ಎಚ್. ಜಾನ್ಸನ್ ಎಂಬ ಪಾದ್ರಿಯ ಮುಂದಾಳತ್ವದಲ್ಲಿ ಚರ್ಚುಗಳು, ಹೆಂಗಸರ ಸಂಘಗಳು, ಒಂದು ಪತ್ರಿಕೆ ಕೂಡಿ ಅಂಗಡಿ ಮುಂದೆ ಫಲಕ ಹಿಡಿದು ನಿಂತವು. ಕೆಲಸ ಕೊಡದ ಕಡೆ ಕೊಳ್ಳಬೇಡಿ ಅನ್ನುವುದೇ ಅವರ ಘೋಷಣೆ. ಜೂನ್ ತಿಂಗಳಲ್ಲಿ ಶುರುವಾದದ್ದು ಎರಡು ತಿಂಗಳೊಳಗೆ ಮಾಲೀಕನನ್ನು ಬಗ್ಗಿಸಿತು. ಸೆಪ್ಟೆಂಬರ್ ಕೊನೆಯೊಳಗೆ 35 ಕಪ್ಪು ಹೆಣ್ಣುಮಕ್ಕಳಿಗೆ ಮಾರಾಟದ ಕೆಲಸ ಕೊಡ್ತೀನಿ ಅಂತ ಅವನು ಒಪ್ಪಿದ.

ಗೆದ್ದ ಕತೆಯನ್ನು ಅಲ್ಲಿಗೇ ನಿಲ್ಲಿಸಿದರೆ ಅದು ಭಾಷಣ ಆಗುತ್ತೆ, ಚರಿತ್ರೆ ಆಗಲ್ಲ. ಕೆಲಸ ಸಿಕ್ಕಿದ್ದು ಹೆಚ್ಚಾಗಿ ಬಣ್ಣ ತಿಳಿಯಾಗಿದ್ದ ಹುಡುಗಿಯರಿಗೆ ಅಂತ ಚಳವಳಿಯೊಳಗೇ ಜಗಳ ಬಂತು. ಸಂಘ ಒಡೆಯಿತು. ನಮ್ಮೊಳಗಿನ ಎಡ ಬಲ ನೆನಪಾಗುತ್ತೆ ಅಲ್ಲವೆ? ಅದೇ ವರ್ಷ ಒಬ್ಬ ಚಪ್ಪಲಿ ವ್ಯಾಪಾರಿ ಕೋರ್ಟಿಗೆ ಹೋದ. ಇದು ಕೂಲಿಯ ಜಗಳ ಅಲ್ಲ, ಬಣ್ಣದ ಜಗಳ, ಆದ್ದರಿಂದ ಅಂಗಡಿ ಮುಂದೆ ನಿಲ್ಲೋ ಹಕ್ಕು ಇಲ್ಲ ಅಂತ ಕೋರ್ಟು ಹೇಳಿತು. ಆ ಮಾತು ಬಿದ್ದುಹೋಗಲು 1938ರ ಸುಪ್ರೀಂ ಕೋರ್ಟ್ ತೀರ್ಪಿನವರೆಗೆ ಕಾಯಬೇಕಾಯಿತು.

ಈ ನಡುವೆ 1935ರ ಮಾರ್ಚ್ 19ರಂದು ಅದೇ ಬೀದಿಯ ಇನ್ನೊಂದು ಮಳಿಗೆಯಲ್ಲಿ 16 ವರ್ಷದ ಹುಡುಗನೊಬ್ಬ ಒಂದು ಚಾಕು ಕದ್ದ ಅಂತ ಹಿಡಿದರು. ಅವನನ್ನು ಹೊಡೆದು ಕೊಂದರು ಅಂತ ಸುದ್ದಿ ಹಬ್ಬಿತು. ಸುದ್ದಿ ಸುಳ್ಳು, ಜನರ ಸಿಟ್ಟು ಸುಳ್ಳಲ್ಲ. ರಾತ್ರಿಯೆಲ್ಲ ಅಂಗಡಿಗಳ ಗಾಜು ಒಡೆದವು, ಜನ ಸತ್ತರು. ಮೇಯರ್ ಲಾಗಾರ್ಡಿಯಾ ಒಂದು ಆಯೋಗ ನೇಮಿಸಿದ. ಸಮಾಜಶಾಸ್ತ್ರಜ್ಞ ಇ. ಫ್ರಾಂಕ್ಲಿನ್ ಫ್ರೇಜಿಯರ್ ಅದರ ಅಧ್ಯಯನ ನಡೆಸಿದರು. ಕೆಲಸದಲ್ಲಿ ಭೇದ, ಮನೆಯಲ್ಲಿ ಭೇದ, ಪರಿಹಾರದಲ್ಲಿ ಭೇದ, ಪೊಲೀಸರ ದಬ್ಬಾಳಿಕೆ, ಇವೇ ಗಲಭೆಗೆ ಕಾರಣ ಅಂತ ವರದಿ ಬಂತು. ಮೇಯರ್ ಅದನ್ನು ಹೊರಗೆ ಬಿಡಲಿಲ್ಲ. ಕೊನೆಗೆ 1936ರಲ್ಲಿ ಕಪ್ಪು ಜನರ ಪತ್ರಿಕೆ ಆಮ್‌ಸ್ಟರ್‌ಡ್ಯಾಮ್ ನ್ಯೂಸ್ ಅದನ್ನು ಅಚ್ಚುಹಾಕಿತು. ಹಾರ್ಲೆಮ್‌ಗೆ ಏನು ಬೇಕು ಅಂತ ಸರಿಯಾಗಿ ಅಳೆದ ಒಂದು ಸರ್ಕಾರಿ ಕಾಗದ ಇತ್ತು. ಸರ್ಕಾರಕ್ಕೆ ಅದು ಬೇಡವಾಗಿತ್ತು.

ಜನ ಸುಮ್ಮನಿರಲಿಲ್ಲ. ಆಡಂ ಕ್ಲೇಟನ್ ಪೊವೆಲ್ ಎಂಬ ಯುವ ಪಾದ್ರಿ 1938ರ ಹೊತ್ತಿಗೆ ಮತ್ತೆ ಅಂಗಡಿಗಳ ಮುಂದೆ ಜನ ನಿಲ್ಲಿಸಿದ. 1941ರಲ್ಲಿ ಜನ ಬಸ್ಸು ಹತ್ತುವುದನ್ನೇ ಬಿಟ್ಟು, ಡ್ರೈವರ್ ಕೆಲಸ ಗಿಟ್ಟಿಸಿದರು. ಸಾಲ ಕೊಡುವವರ ನಕ್ಷೆಗಳಲ್ಲಿ ಹಾರ್ಲೆಮ್‌ಗೆ ಕೆಂಪು ಬಣ್ಣ ಬಳಿದಿತ್ತು. ಕೆಂಪು ಅಂದರೆ ಅಲ್ಲಿ ಸಾಲ ಕೊಡಬೇಡಿ ಅಂತ. ಅದಕ್ಕೇ ಕಪ್ಪು ಜನ ತಮ್ಮದೇ ಕಾರ್ವರ್ ಬ್ಯಾಂಕನ್ನು 1949ರಲ್ಲಿ ಅದೇ ಬೀದಿಯಲ್ಲಿ ತೆರೆದರು. ಹೀಗೆ ಆ ಕೇರಿ ತನ್ನ ಅಗತ್ಯವನ್ನು ಮೂರು ಮಾತಲ್ಲಿ ಹೇಳಿತ್ತು: ಕೆಲಸ, ಸಾಲ, ನಮ್ಮದೇ ಗಲ್ಲಾ. 1969ರಲ್ಲಿ ರಾಜ್ಯ ಸರ್ಕಾರ ಆ ಬೀದಿಯಲ್ಲಿ ದೊಡ್ಡ ಕಚೇರಿ ಕಟ್ಟಲು ಜಾಗ ಕೆಡವಿದಾಗ ಜನ ಆ ಬಯಲಲ್ಲಿ ಡೇರೆ ಹಾಕಿ ತಿಂಗಳುಗಟ್ಟಲೆ ಕೂತರು. ನಮಗೆ ಬೇಕಾದ್ದು ಕಚೇರಿಯಲ್ಲ, ಮನೆ, ಶಾಲೆ ಅಂದರು. ಪೊಲೀಸರು ಎಬ್ಬಿಸಿದರು. ಕಚೇರಿ ಎದ್ದಿತು. ಮಾಲ್ಕಮ್ ಎಕ್ಸ್ ಯಾವ ಪುಸ್ತಕದಂಗಡಿಯ ಮುಂದೆ ನಿಂತು ಭಾಷಣ ಮಾಡುತ್ತಿದ್ದನೋ ಆ ಮಿಶೋ ಅಂಗಡಿಯೂ ಆ ಜಾಗ ಬಿಡಬೇಕಾಯಿತು. 1974ರಲ್ಲಿ ಅದು ಮುಚ್ಚಿಯೇ ಹೋಯಿತು.

ಎಪ್ಪತ್ತರ ದಶಕದಲ್ಲಿ ಮಾಲೀಕರು ತೆರಿಗೆ ಕಟ್ಟದೆ ಕಟ್ಟಡಗಳನ್ನು ಕೈಬಿಟ್ಟರು. ಹಾರ್ಲೆಮ್ ಹಾಳು ಸುರಿಯಿತು. ಆಮೇಲೆ ತೊಂಬತ್ತರ ದಶಕದಲ್ಲಿ ಹೊಸ ಜೀವ ತುಂಬುವವರು ಬಂದರು. 1994ರಲ್ಲಿ ಕೇಂದ್ರ, ರಾಜ್ಯ, ನಗರ ತಲಾ 10 ಕೋಟಿ ಡಾಲರ್‌ನಂತೆ 30 ಕೋಟಿ ಡಾಲರ್ ಕೊಡುವ ಯೋಜನೆ ಗೊತ್ತಾಯಿತು. 1995ರಲ್ಲಿ ಹಾರ್ವರ್ಡ್‌ನ ಮೈಕೇಲ್ ಪೋರ್ಟರ್ ಒಂದು ಲೇಖನ ಬರೆದು, ಇಂಥ ಬಡ ಕೇರಿಗಳಲ್ಲಿ ಯಾರೂ ಪೂರೈಸದ ಬೇಡಿಕೆ ಇದೆ, ಅದು ವ್ಯಾಪಾರಕ್ಕೆ ಒಳ್ಳೆ ಅವಕಾಶ ಅಂತ ವಾದಿಸಿದ. ಮಾತು ಸುಳ್ಳಲ್ಲ. ಹಾರ್ಲೆಮ್‌ನಲ್ಲಿ ಒಳ್ಳೆ ತರಕಾರಿ ಸಿಗುತ್ತಿರಲಿಲ್ಲ, ಸಿಕ್ಕಿದ್ದಕ್ಕೆ ದುಬಾರಿ ಬೆಲೆ. 1999ರಲ್ಲಿ ಪಾತ್‌ಮಾರ್ಕ್ ಎಂಬ 50 ಸಾವಿರ ಚದರಡಿಗೂ ಮಿಕ್ಕ ದಿನಸಿ ಮಳಿಗೆ 125ನೇ ಬೀದಿಯಲ್ಲಿ ತೆರೆಯಿತು. ಕಪ್ಪು ಜನರ ಚರ್ಚೊಂದು ಕಟ್ಟಿದ ಸಂಸ್ಥೆ ಅದರಲ್ಲಿ ಪಾಲುದಾರ. ಸಣ್ಣ ದಿನಸಿ ಅಂಗಡಿಯವರು ವಿರೋಧಿಸಿದರು, ಅವರೂ ಬಡವರೇ. ಆದರೆ ಮಕ್ಕಳಿಗೆ ಹಣ್ಣು ತರುವ ತಾಯಿಗೆ ಕಡಿಮೆ ಬೆಲೆ ದೊಡ್ಡ ವಿಷಯ. ಅವಳ ಕಡೆಯಿಂದ ನೋಡದೆ ಬಂಡವಾಳಶಾಹಿಗೆ ಧಿಕ್ಕಾರ ಅಂತ ಕೂಗಿ ಕೂರಲು ನನಗೆ ಮನಸ್ಸು ಬರಲ್ಲ.

ಆದರೆ ಇದೇ ಅಳತೆ ಯಾರನ್ನು ಅಗತ್ಯದ ಪಟ್ಟಿಯಿಂದ ಹೊರಗಿಟ್ಟಿತು ನೋಡಿ. 1994ರ ಅಕ್ಟೋಬರಿನಲ್ಲಿ ಮೇಯರ್ ಜೂಲಿಯಾನಿ ಪೊಲೀಸರನ್ನು ಬಿಟ್ಟು 125ನೇ ಬೀದಿಯ ಫುಟ್‌ಪಾತ್ ವ್ಯಾಪಾರಿಗಳನ್ನು ಎಬ್ಬಿಸಿದ. ಅವರಲ್ಲಿ ಬಹಳ ಜನ ಪಶ್ಚಿಮ ಆಫ್ರಿಕಾದಿಂದ ಬಂದವರು. ಅವರಿಗೆ 116ನೇ ಬೀದಿಯಲ್ಲಿ ಬೇರೆ ಜಾಗ ತೋರಿಸಿದರು. ಅವರ ಹತ್ತಿರ ಕೊಳ್ಳುವ ಜನ ಇದ್ದರು ಅನ್ನುವುದೇ ಅಗತ್ಯಕ್ಕೆ ಸಾಕ್ಷಿಯಲ್ಲವೆ? ಅಳೆಯುವವರ ಕಣ್ಣಿಗೆ ಅದು ಅಡಚಣೆ. 2008ರಲ್ಲಿ ನಗರಸಭೆ ಆ ಬೀದಿಯ ಕಟ್ಟಡ ನಿಯಮ ಬದಲಿಸಿ ಎತ್ತರದ ಕಟ್ಟಡಗಳಿಗೆ ದಾರಿ ಮಾಡಿತು. 70ರಷ್ಟು ವ್ಯಾಪಾರಗಳು ಜಾಗ ಬಿಡಬೇಕಾಗುತ್ತೆ ಅಂತ ನಗರದ ಅಂದಾಜೇ ಹೇಳಿತ್ತು. 1946ರಲ್ಲಿ ಬಾಬಿ ರಾಬಿನ್ಸನ್ ಎಂಬ ಕಪ್ಪು ಮನುಷ್ಯ ತೆರೆದ ಹಾಡಿನ ತಟ್ಟೆಗಳ ಅಂಗಡಿ ಅದೇ ವರ್ಷದ ಜನವರಿಯಲ್ಲೇ ಮುಚ್ಚಿತ್ತು, ಕಟ್ಟಡ ಮಾರಾಟವಾಗಿತ್ತು. ಪಾತ್‌ಮಾರ್ಕ್ ಇದ್ದ ಜಾಗವೂ ದೊಡ್ಡ ಬಿಲ್ಡರ್ ಕೈಗೆ ಹೋಯಿತು. ಕಂಪನಿ ದಿವಾಳಿಯಾಗಿ 2015ರಲ್ಲಿ ಆ ಮಳಿಗೆ ಬಾಗಿಲು ಹಾಕಿತು. 2017ರಲ್ಲಿ ಹೋಲ್ ಫುಡ್ಸ್ ಎಂಬ ದುಬಾರಿಗೆ ಹೆಸರಾದ ಮಳಿಗೆ ಅದೇ ಬೀದಿಯಲ್ಲಿ ತೆರೆಯಿತು. ಸಮೀಕ್ಷೆ ಮಾಡುವಾಗ ಇದ್ದ ಜನ ಒಬ್ಬರು, ಅಂಗಡಿ ಬಂದಾಗ ಇರುವ ಜನ ಇನ್ನೊಬ್ಬರು.

ಇನ್ನು ಹೇಳಲು ನೋವಾಗುವ ಮಾತು. ಗುಡ್ಡದ ಮೇಲಿನ ಕೊಲಂಬಿಯಾ, ನಮ್ಮ ಬಾಬಾಸಾಹೇಬರ ಕೊಲಂಬಿಯಾ, 2003ರಲ್ಲಿ ಪಶ್ಚಿಮ ಹಾರ್ಲೆಮ್‌ನ ಮ್ಯಾನ್‌ಹಟನ್‌ವಿಲ್‌ನಲ್ಲಿ 17 ಎಕರೆ ಜಾಗಕ್ಕೆ ಯೋಜನೆ ಹೇಳಿತು. ಒಪ್ಪದ ಮಾಲೀಕರ ಜಾಗವನ್ನು ಸರ್ಕಾರ ಕಿತ್ತುಕೊಡಬೇಕಾದರೆ ಆ ಪ್ರದೇಶ ಪಾಳುಬಿದ್ದಿದೆ ಅಂತ ವರದಿ ಬೇಕು. ಆ ವರದಿ ಬರೆದದ್ದು ಯಾರು? ವಿಶ್ವವಿದ್ಯಾನಿಲಯದ ಯೋಜನೆಗೇ ಕೆಲಸ ಮಾಡುತ್ತಿದ್ದ ಸಲಹೆಗಾರ ಕಂಪನಿ. ಟೀಕೆ ಬಂದ ಮೇಲೆ ಇನ್ನೊಂದು ಕಂಪನಿಯಿಂದಲೂ ವರದಿ ಬರೆಸಿದರು. 2009ರಲ್ಲಿ ಕೆಳಗಿನ ನ್ಯಾಯಾಲಯ ಜಾಗ ಕೀಳೋದು ತಪ್ಪು ಅಂದಿತು. 2010ರಲ್ಲಿ ರಾಜ್ಯದ ಮೇಲಿನ ನ್ಯಾಯಾಲಯ ಸರಿ ಅಂದಿತು. ಸ್ಥಳೀಯರಿಗೆ 15 ಕೋಟಿ ಡಾಲರ್‌ನ ಸವಲತ್ತು ಕೊಡುವ ಒಪ್ಪಂದವೂ ಆಗಿತ್ತು, ಅದನ್ನೂ ಹೇಳಬೇಕು. ಆದರೂ ಅಳೆಯುವ ಕೋಲು ಯಾರ ಕೈಯಲ್ಲಿತ್ತು ಅನ್ನುವುದು ಉಳಿದೇ ಉಳಿಯುತ್ತೆ. ಬಾಬಾಸಾಹೇಬರಿಗೆ ವಿದ್ಯೆ ಕೊಟ್ಟ ಮನೆ ಅಂತ ಈ ಪ್ರಶ್ನೆ ಕೇಳದೆ ಬಿಟ್ಟರೆ ಅವರಿಂದ ನಾವು ಕಲಿತದ್ದೇನು?

ಇದನ್ನೆಲ್ಲ ಓದಿ ನಮ್ಮ ಪೇಟೆಗೆ ಬರೋಣ. 2014ರಲ್ಲಿ ನಮ್ಮ ದೇಶದಲ್ಲಿ ಬೀದಿ ವ್ಯಾಪಾರಿಗಳ ಕಾಯ್ದೆ ಬಂತು. ಸಮೀಕ್ಷೆ ಮುಗಿಯುವ ತನಕ ಯಾರನ್ನೂ ಎಬ್ಬಿಸಬಾರದು ಅನ್ನುತ್ತೆ ಅದು. ಪಟ್ಟಣದ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ 40 ಪಾಲಿಗೆ ಕಡಿಮೆ ಇಲ್ಲದಂತೆ ಬೀದಿ ವ್ಯಾಪಾರಿಗಳೇ ಆರಿಸಿದ ಅವರ ಪ್ರತಿನಿಧಿಗಳು ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು ಇರಬೇಕು, ಪರಿಶಿಷ್ಟರಿಗೆ ಸರಿಯಾದ ಪ್ರಾತಿನಿಧ್ಯ ಸಿಗಬೇಕು. ಅಂದರೆ ಅಳತೆಗೋಲಿನ ಒಂದು ತುದಿಯನ್ನಾದರೂ ಕಾಯ್ದೆ ನಮ್ಮ ಕೈಗೆ ಕೊಟ್ಟಿದೆ. ಹಿಡಿದುಕೊಳ್ಳಬೇಕಾದವರು ನಾವು.

ವಿದ್ಯಾರ್ಥಿ ಗೆಳೆಯರಲ್ಲಿ, ಹಳ್ಳಿ ಶಾಲೆಯ ಮೇಷ್ಟ್ರುಗಳಲ್ಲಿ ನನ್ನದೊಂದು ಕೋರಿಕೆ. ಒಂದು ಭಾನುವಾರ ನಿಮ್ಮೂರ ಪೇಟೆ ಬೀದಿಯಲ್ಲಿ ಈ ತುದಿಯಿಂದ ಆ ತುದಿಗೆ ನಡೆಯಿರಿ. ಒಂದು ನೋಟ್‌ಬುಕ್ಕು ಸಾಕು. ಅಂಗಡಿ ಯಾರದು, ಕಟ್ಟಡ ಯಾರದು, ಸಾಲ ಕೊಟ್ಟವರು ಯಾರು, ಗಲ್ಲಾದ ಆಚೆ ನಮ್ಮವರು ಎಷ್ಟು ಮಂದಿ, ಈಚೆ ಎಷ್ಟು ಮಂದಿ ಅಂತ ಬರೆಯಿರಿ. ಬಡಾವಣೆ ಉದ್ಧಾರ ಮಾಡುವವರು ಫಾರಂ ಹಿಡಿದು ಬಂದು ನಿಮಗೆ ಏನು ಬೇಕು ಅಂತ ಕೇಳಿದ ದಿನ ಆ ನೋಟ್‌ಬುಕ್ಕನ್ನು ಅವರ ಮುಂದೆ ಇಡೋಣ.

ನಮ್ಮ ಚಿಕ್ಕಪ್ಪ ಈಗ ಬೆಂಗಳೂರಲ್ಲಿ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಟೀ ಮಾಡ್ತಾನೆ. ಟೀ ಚೆನ್ನಾಗಿದೆ ಅಂತ ಗಿರಾಕಿಗಳು ಹೇಳ್ತಾರಂತೆ. ನಮ್ಮೂರಿನವರೂ ಆ ಕಡೆ ಹೋದಾಗ ಅಲ್ಲಿ ಕೂತು ಕುಡಿದು ಬಂದಿದ್ದಾರೆ. ಮಾಡಿದ ಕೈ ಯಾವುದು ಅಂತ ಅವರಿಗೆ ಗೊತ್ತಿಲ್ಲ.