ಸ್ನೋಬೋರ್ಡ್ ಅಳತೆ: ಪಾರ್ಕ್ ಸವಾರಿಗೆ

ಜಿಗಿತ, ಗಿರಕಿ, ಕಬ್ಬಿಣದ ಕಂಬಿಗಳ ಮೇಲಿನ ಜಾರಾಟ ಇವುಗಳಿಗೆಂದೇ ಹಿಮದಲ್ಲಿ ಸಿದ್ಧಪಡಿಸಿದ ಅಂಕಣವೇ ಪಾರ್ಕ್. ಇಲ್ಲಿಗೆ ಬೇಕಾದ ಹಲಗೆಯ ಉದ್ದವನ್ನು ಸೆಂಟಿಮೀಟರಿನಲ್ಲಿ ಹೇಳುತ್ತಾರೆ. ನಿಲ್ಲಿಸಿದ ಹಲಗೆ ಗದ್ದಕ್ಕೂ ಮೂಗಿಗೂ ನಡುವೆ ಬರಬೇಕೆಂಬ ಹಳೆಯ ರೂಢಿ ಇನ್ನೂ ಬಳಕೆಯಲ್ಲಿದೆ. ಅದನ್ನೊಂದನ್ನೇ ನಂಬುವುದು ಸರಿಯಲ್ಲ. ಹಲಗೆಯನ್ನು ಬಾಗಿಸುವುದು ಸವಾರನ ತೂಕ, ಎತ್ತರವಲ್ಲ. ಆದ್ದರಿಂದ ತಯಾರಕರು ಕೊಡುವ ತೂಕದ ಪಟ್ಟಿಯನ್ನು ಮೊದಲು ನೋಡಬೇಕು.

ಇಡೀ ಬೆಟ್ಟ ಸುತ್ತಲು ಬಳಸುವ ಹಲಗೆಗಿಂತ ಪಾರ್ಕಿನದು ಸಾಮಾನ್ಯವಾಗಿ 2ರಿಂದ 5 ಸೆಂ.ಮೀ. ಗಿಡ್ಡ. ತುದಿಗಳ ಭಾರ ಕಾಲಿಗೆ ಹತ್ತಿರವಾದಷ್ಟೂ ಗಾಳಿಯಲ್ಲಿ ತಿರುಗುವುದು ಹಗುರ, ಕಂಬಿಯ ಮೇಲೆ ನಿಯಂತ್ರಣವೂ ಸುಲಭ. ದೊಡ್ಡ ಜಿಗಿತಗಳ ಮಾತು ಬೇರೆ: ವೇಗದಲ್ಲಿ ಇಳಿಯುವಾಗ ಗಿಡ್ಡ ಹಲಗೆ ಅದುರುತ್ತದೆ, ಅಲ್ಲಿ ಸ್ವಲ್ಪ ಉದ್ದದ್ದೇ ಕ್ಷೇಮ. 2014ರ ಸೋಚಿ ಒಲಿಂಪಿಕ್ಸ್‌ನಲ್ಲಿ ಸೇರ್ಪಡೆಯಾದ ಸ್ಲೋಪ್‌ಸ್ಟೈಲ್‌ನಲ್ಲಿ ಕಂಬಿ, ಜಿಗಿತ ಎರಡೂ ಇರುವುದರಿಂದ ನಡುವಿನ ಅಳತೆ ಹುಡುಕಬೇಕಾಗುತ್ತದೆ.

ಅಗಲವನ್ನು ಹಲವರು ಮರೆಯುತ್ತಾರೆ, ಮರೆಯಬಾರದು. ಬೂಟಿನ ತುದಿ ಅಂಚಿನಾಚೆ ಹೆಚ್ಚು ಚಾಚಿದರೆ ತಿರುವಿನಲ್ಲಿ ಹಿಮಕ್ಕೆ ತಗುಲಿ ಸವಾರ ಬೀಳುತ್ತಾನೆ. ದೊಡ್ಡ ಪಾದದವರು ಅಗಲ ಮಾದರಿಯನ್ನೇ ಕೊಳ್ಳಬೇಕು.