ಸೈಟು

ಕೊನೆಗೊಂದು ಉಕಾರವನ್ನು ಅಂಟಿಸಿಕೊಂಡು, ‘ಸೈಟಿಗೆ’, ‘ಸೈಟಿನಲ್ಲಿ’, ‘ಸೈಟುಗಳು’ ಎಂದು ನಮ್ಮ ವಿಭಕ್ತಿಪ್ರತ್ಯಯಗಳಿಗೆ ಮೈಯೊಡ್ಡಿದ ಆಂಗ್ಲಪದಗಳು ನೂರಾರಿದ್ದರೂ, ಮಧ್ಯಮವರ್ಗದ ಗೃಹಸ್ಥನ ನಿದ್ರೆಯನ್ನು ಇದರಷ್ಟು ಕೆಡಿಸಿದ ಪದ ಇನ್ನೊಂದಿರಲಾರದು. ಇಂಗ್ಲಿಷರಲ್ಲಿ ಯುದ್ಧ ನಡೆದ ಬಯಲಿಗೂ ಅಗೆದು ತೆಗೆದ ಹಾಳೂರಿಗೂ ಸಲ್ಲುವ ಈ ಮಾತು, ಬೆಂಗಳೂರು ಮೈಸೂರುಗಳ ಬಾಯಲ್ಲಿ ಸಂಕೋಚಗೊಳ್ಳುತ್ತ ಬಂದು, ನಾಲ್ಕು ಮೂಲೆಗೆ ನಾಲ್ಕು ಕಲ್ಲು ನೆಟ್ಟ, ಮನೆಯಿಲ್ಲದ, ಆದರೆ ಮನೆಯಾಗಬೇಕೆಂಬ ಸಂಕಲ್ಪವುಳ್ಳ ತುಂಡು ನೆಲವೊಂದಕ್ಕೇ ನಿಂತಿದೆ. ‘ತರ್ಟಿ ಫಾರ್ಟಿ’ ಎಂದರೆ ಸಾಕು; ಅಡಿಯೆಂದಾಗಲಿ ಸೈಟೆಂದಾಗಲಿ ಬಿಡಿಸಿ ಹೇಳಬೇಕಾಗಿಲ್ಲ. ಆ 1200 ಚದರಡಿ ರೈತನ ಲೆಕ್ಕದಲ್ಲಿ ಒಂದು ಗುಂಟೆಗಿಂತ ಕೊಂಚವೇ ಹೆಚ್ಚು: ಒಂದು ಬಣವೆ ಒಟ್ಟಿ ಒಂದು ಜೊತೆ ಎತ್ತು ಕಟ್ಟಿದರೆ ತೀರಿಹೋಗುವ ಜಾಗ.

ಕಛೇರಿಯ ಕಾಗದಗಳಲ್ಲಿ ಇದು ‘ನಿವೇಶನ’. ಈ ಪದ ಗುಮಾಸ್ತರ ಸೃಷ್ಟಿಯಲ್ಲ. ಗದ್ದೆ, ತೋಂಟ, ಗಾಣಗಳೊಡನೆ ಮನೆಯ ನಿವೇಶನವನ್ನೂ ದಾನವಿತ್ತ ಸಂಗತಿ ನಮ್ಮ ಹಳೆಯ ಶಾಸನಗಳಲ್ಲಿಯೇ ಉಂಟು. ಒಳಹೊಕ್ಕು ನೆಲೆಸುವುದೆಂಬ ಅರ್ಥದ ಧಾತುವಿನಿಂದ ಬಂದ ‘ನಿವೇಶ’ಕ್ಕೆ ಸಂಸ್ಕೃತದಲ್ಲಿ ವಿವಾಹವೆಂಬ ಅರ್ಥವೂ ಇರುವುದನ್ನು ನೋಡಿದರೆ, ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ನಮ್ಮ ಹಿರಿಯರು ನಿಘಂಟನ್ನು ತೆರೆಯದೆಯೇ ಅದರ ಮರ್ಮವನ್ನರಿತಿದ್ದರೆನ್ನಬೇಕು.

ಮೈಸೂರಿನಲ್ಲಿ 1903ರಲ್ಲಿಯೂ ಬೆಂಗಳೂರಿನಲ್ಲಿ 1945ರಲ್ಲಿಯೂ ನಗರಾಭಿವೃದ್ಧಿಯ ಟ್ರಸ್ಟ್ ಬೋರ್ಡುಗಳು ಹುಟ್ಟಿ, ಬೆಂಗಳೂರಿನದು 1976ರಲ್ಲಿ ಪ್ರಾಧಿಕಾರವಾಗಿ ಮಾರ್ಪಟ್ಟ ಈ ದೀರ್ಘಾವಧಿಯಲ್ಲಿ, ಸೈಟೆಂಬ ನಾಮಪದಕ್ಕೆ ತಕ್ಕ ಕ್ರಿಯಾಪದಗಳೂ ಒದಗಿದವು. ಕೊಳ್ಳುವುದೆಂಬುದು ಖಾಸಗಿ ಮಾತು. ಬೋರ್ಡಿನ ಸೈಟಾದರೋ ‘ಬರುತ್ತದೆ’, ಇಲ್ಲವೆ ‘ಆಗುತ್ತದೆ’. ಎಷ್ಟನೆಯ ಸಲದ ಅರ್ಜಿಯೆಂಬುದೂ ಅರ್ಹತೆಯ ಗಣನೆಗೆ ಬರುತ್ತಿದ್ದುದರಿಂದ, ಸೋತವನಿಗೆ ಸೋಲೇ ಬಂಡವಾಳವಾಗುವ ಅಪೂರ್ವ ನ್ಯಾಯವೊಂದು ಅಲ್ಲಿತ್ತು. ವಿಶೇಷಣಗಳಲ್ಲಿ ‘ಕಾರ್ನರ್’ ಎಂಬುದು ಪ್ರತಿಷ್ಠೆ. ‘ರೆವಿನ್ಯೂ’ ಎಂಬುದು ಭೀತಿ. ಹೊಲವನ್ನು ಭೂಪರಿವರ್ತನೆ ಮಾಡಿಸದೆ ಕತ್ತರಿಸಿ ಮಾರಿದ ಸೈಟಿಗೆ, ಸರ್ಕಾರದ ಆದಾಯಕ್ಕೆ ಸಲ್ಲಬೇಕಾದ ಈ ಗಂಭೀರ ಪದವೇ ಕಳಂಕವಾಗಿ ಅಂಟಿಕೊಂಡದ್ದು ಒಂದು ವಿನೋದ.

ಕ್ರಯಪತ್ರದ ಕೊನೆಯಲ್ಲಿ ಬರುವ ಚೆಕ್ಕುಬಂದಿಯನ್ನು ಓದುವ ಅಭ್ಯಾಸ ನನಗುಂಟು. ಹಳ್ಳಿಯ ಪತ್ರದಲ್ಲಿ ಪೂರ್ವಕ್ಕೆ ಯಾರದೋ ಹೊಲ, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ಹುಣಸೆಮರ, ದಕ್ಷಿಣಕ್ಕೆ ಓಣಿ. ಬಡಾವಣೆಯ ಪತ್ರದಲ್ಲಿ ಪೂರ್ವಕ್ಕೆ 46ನೆಯ ನಂಬರಿನ ಸೈಟು, ಪಶ್ಚಿಮಕ್ಕೆ 48ನೆಯದು, ಉತ್ತರಕ್ಕೆ 61ನೆಯದು, ದಕ್ಷಿಣಕ್ಕೆ ಮೂವತ್ತಡಿ ರಸ್ತೆ. ಸೈಟನ್ನು ಸೈಟೇ ಸುತ್ತುವರಿದ ಈ ಭೂಗೋಳದಲ್ಲಿ ಮನುಷ್ಯನ ಹೆಸರು ಸುಳಿಯುವುದು ಸಹಿ ಹಾಕುವ ಸ್ಥಳದಲ್ಲಿ ಮಾತ್ರ.

ಗುದ್ದಲಿಪೂಜೆಯಾಗಿ ಪಾಯವೆದ್ದ ಮೇಲೆ ಮನೆಯ ಜನ ಈ ಪದವನ್ನು ಮರೆಯುತ್ತಾರೆ. ಗೃಹಪ್ರವೇಶದ ಆಮಂತ್ರಣಪತ್ರದಲ್ಲಿ ಅಂಕಿತನಾಮ ಬಂದು ಕೂರುತ್ತದೆ. ನಲವತ್ತು ವರ್ಷ ಸಂಸಾರ ನಡೆದು, ಮಕ್ಕಳು ಪರದೇಶ ಸೇರಿ, ಆ ಮನೆಯನ್ನು ಮಾರುವ ಪ್ರಸಂಗ ಬಂದಾಗ, ತೇಗದ ಬಾಗಿಲನ್ನಾಗಲಿ ಕೆಂಪು ಗಾರೆಯ ನೆಲವನ್ನಾಗಲಿ ಕಣ್ಣೆತ್ತಿಯೂ ನೋಡದ ದಲ್ಲಾಳಿ, ಕೊಳ್ಳಲು ಬಂದವನ ಕಿವಿಯಲ್ಲಿ ಹೇಳುತ್ತಾನೆ: “ಬಿಲ್ಡಿಂಗಿಗೆ ಏನೂ ಹಾಕಬೇಡಿ ಸ್ವಾಮಿ, ಸೈಟ್ ರೇಟಿಗೇ ಕೊಡ್ತಾರೆ.”